ಐದು ಪೆನ್ನಿಯ ಟೋಪಿ

1883ರ ಅಕ್ಟೋಬರ್ 4, ಗುರುವಾರ. ಅವತ್ತು ಪ್ಯಾರಿಸ್‌ನಿಂದ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು ತನ್ನ ಮೊದಲ ಪ್ರಯಾಣಕ್ಕೆ ಹೊರಟಿತು. ಯುರೋಪಿನ ಕಣ್ಣೆಲ್ಲ ಆ ಕಡೆಗೇ ಇತ್ತು. ಅದೇ ದಿನ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ನಾರ್ತ್ ವುಡ್‌ಸೈಡ್ ಅನ್ನೋ ಬೀದಿಯ ಒಂದು ಮಿಷನ್ ಹಾಲ್‌ನಲ್ಲಿ, ಮೂವರು ಯುವಕರು ಸುತ್ತಲಿನ ಹುಡುಗರನ್ನು ಒಟ್ಟುಗೂಡಿಸಿ ಸಾಲಾಗಿ ನಿಲ್ಲಿಸಿದರು. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಕವಾಯತು ಮಾಡಿಸಿದರು. ಇದೇನೂ ದೊಡ್ಡ ಸುದ್ದಿಯಾಗಲಿಲ್ಲ.

ಆ ಸಾಲಿನ ಹೆಸರು ಬಾಯ್ಸ್ ಬ್ರಿಗೇಡ್, ಒಂದನೇ ಗ್ಲಾಸ್ಗೋ ಕಂಪನಿ. ಸಮವಸ್ತ್ರ, ಶಿಸ್ತು, ಬ್ಯಾಡ್ಜು, ಕ್ಯಾಂಪು ಇಟ್ಟುಕೊಂಡು ಹುಡುಗರ ನಡತೆ ತಿದ್ದುತ್ತೇವೆ ಅನ್ನುವ ಸಂಘಗಳು ಇವತ್ತು ಜಗತ್ತಿನ ತುಂಬ ಇವೆಯಲ್ಲ, ಆ ಸಾಲಿನಲ್ಲಿ ಗಟ್ಟಿಯಾಗಿ ನಿಂತ ಮೊದಲನೆಯದು ಇದು. ಸ್ಕೌಟ್ಸ್ ಹುಟ್ಟಿದ್ದು ಇದಾಗಿ ಕಾಲು ಶತಮಾನದ ಮೇಲೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ನಮ್ಮ ಡ್ರಿಲ್ ಮೇಷ್ಟ್ರಿಂದ. ಪಾಠದ ಮೇಷ್ಟ್ರುಗಳು ಕನ್ನಡದಲ್ಲಿ ಎಷ್ಟು ಕೂಗಿಕೊಂಡರೂ ಸುಮ್ಮನಿರದ ನಾವು, ಡ್ರಿಲ್ ಮೇಷ್ಟ್ರು ಬಂದು 'ಸಾವಧಾನ್' ಅಂದ ಕೂಡಲೇ ಕಲ್ಲಾಗುತ್ತಿದ್ದೆವು. ಅವರು ಹೊಡೆಯುತ್ತಿರಲಿಲ್ಲ. ದನಿಯೂ ಅಷ್ಟೇನೂ ದೊಡ್ಡದಲ್ಲ. ಆದರೂ ಏನೋ ಆಗುತ್ತಿತ್ತು. ಆ 'ಏನೋ' ಅನ್ನೋದನ್ನ 1883ರಲ್ಲೇ ಒಬ್ಬ ಶಾಲು ವ್ಯಾಪಾರಿ ಹಿಡಿದಿದ್ದ.

ಮೊದಲು ಆ ಹುಡುಗರ ಕಥೆ ನೋಡಬೇಕು.

ಗ್ಲಾಸ್ಗೋ ಆಗ ಹಡಗು, ಎಂಜಿನು, ಕಬ್ಬಿಣ, ಬಟ್ಟೆಯ ಊರು. ಕ್ಲೈಡ್ ನದಿಯ ದಂಡೆಯುದ್ದಕ್ಕೂ ಹಡಗು ಕಟ್ಟುವ ಅಂಗಳಗಳು. ಹಳ್ಳಿಗಾಡಿನಿಂದ, ಐರ್ಲೆಂಡಿನಿಂದ ಕೆಲಸ ಹುಡುಕಿ ಬಂದ ಸಂಸಾರಗಳು ಕಲ್ಲಿನ ವಠಾರಗಳಲ್ಲಿ ಒಂದು ಕೋಣೆ, ಹೆಚ್ಚೆಂದರೆ ಎರಡು ಕೋಣೆಯಲ್ಲಿ ಇರುತ್ತಿದ್ದವು. ಮನೆಯೊಳಗೆ ಹುಡುಗನಿಗೆ ಕಾಲು ಚಾಚಲೂ ಜಾಗ ಇರಲಿಲ್ಲ. ಸಂಜೆಯಾದರೆ ಅವನ ಜಾಗ ಬೀದಿ.

1872ರಲ್ಲಿ ಸ್ಕಾಟ್ಲೆಂಡಿಗೆ ಹೊಸ ಶಿಕ್ಷಣ ಕಾಯ್ದೆ ಬಂದಿತ್ತು. 5ರಿಂದ 13 ವರ್ಷದ ಮಕ್ಕಳು ಶಾಲೆಗೆ ಹೋಗಲೇಬೇಕು. ಒಳ್ಳೆಯದೇ. ಆದರೆ ಈ ಕಾಯ್ದೆ ತನಗೇ ಗೊತ್ತಿಲ್ಲದೆ ಒಂದು ಗೆರೆ ಎಳೆಯಿತು. 13 ಆಗುವವರೆಗೆ ಹುಡುಗ ಶಾಲೆಯ ಹುಡುಗ. 13 ದಾಟಿದ ಮರುದಿನ ಅವನು ಕೂಲಿಯವನು. ಅಂಗಡಿಯ ಸಾಮಾನು ಹೊತ್ತು ಮನೆಮನೆಗೆ ಕೊಡೋದು, ಕಾರ್ಖಾನೆಯಲ್ಲಿ ದೊಡ್ಡವರ ಕೈಕೆಳಗೆ ದುಡಿಯೋದು. ವಾರದ ಕೊನೆಗೆ ನಾಲ್ಕು ಕಾಸು ತಂದು ಅಮ್ಮನ ಕೈಗೆ ಹಾಕುವ ಹುಡುಗನನ್ನು 'ಮಗು' ಅಂದರೆ ಸುಮ್ಮನಿರುತ್ತಾನಾ?

ಇನ್ನು ಚರ್ಚು. ಭಾನುವಾರದ ಪಾಠಶಾಲೆ, ಅಂದರೆ ಸಂಡೇ ಸ್ಕೂಲು, ಚಿಕ್ಕ ಮಕ್ಕಳಿಗೆ. 17 ದಾಟಿದವರಿಗೆ ವೈಎಂಸಿಎ ತರಹದ ಯುವಕರ ಕೂಟ ಇತ್ತು. 13ಕ್ಕೂ 17ಕ್ಕೂ ನಡುವೆ ಏನೂ ಇಲ್ಲ. ನಾಲ್ಕು ವರ್ಷದ ಹಳ್ಳ. ಆ ಹಳ್ಳಕ್ಕೆ ಬಿದ್ದ ಹುಡುಗರು ಮತ್ತೆ ಚರ್ಚಿನ ದಡ ಹತ್ತುತ್ತಿರಲಿಲ್ಲ. ಹತ್ತದವರಾದರೂ ಪರವಾಗಿಲ್ಲ, ಅಮ್ಮನ ಒತ್ತಾಯಕ್ಕೆ ಸಂಡೇ ಸ್ಕೂಲಿಗೆ ಇನ್ನೂ ಬರುತ್ತಿದ್ದ ದೊಡ್ಡ ಹುಡುಗರದೇ ತಲೆನೋವು. ಬೈಬಲ್ ಪಾಠದ ಮಧ್ಯೆ ಗಲಾಟೆ. ಮೇಷ್ಟ್ರು ಪಾಠ ಮಾಡೋದಕ್ಕಿಂತ ಸದ್ದಡಗಿಸೋದರಲ್ಲೇ ಹೊತ್ತು ಹೋಗುತ್ತಿತ್ತು.

ಆ ಮೇಷ್ಟ್ರುಗಳಲ್ಲಿ ಒಬ್ಬ ವಿಲಿಯಂ ಅಲೆಗ್ಸಾಂಡರ್ ಸ್ಮಿತ್. ವಯಸ್ಸು 28.

ಸ್ಮಿತ್ ಗ್ಲಾಸ್ಗೋದವನಲ್ಲ. ಹುಟ್ಟಿದ್ದು 1854ರ ಅಕ್ಟೋಬರ್ 27ರಂದು, ಸ್ಕಾಟ್ಲೆಂಡಿನ ಬಡಗಣ ತುದಿಯ ಥರ್ಸೊ ಹತ್ತಿರದ ಪೆನ್ನಿಲ್ಯಾಂಡ್ ಮನೆಯಲ್ಲಿ. ಅಪ್ಪ ಸೈನ್ಯದಲ್ಲಿದ್ದವರು. ವ್ಯಾಪಾರಕ್ಕೆಂದು ಚೀನಾಕ್ಕೆ ಹೋದವರು 1868ರಲ್ಲಿ ಅಲ್ಲೇ ತೀರಿಕೊಂಡರು. ಸ್ಮಿತ್ ಮನೆಯ ಹಿರಿಮಗ. ಮರುವರ್ಷವೇ ಹುಡುಗ ಗ್ಲಾಸ್ಗೋಗೆ ಬಂದು ಸೋದರಮಾವನ ಮಳಿಗೆ ಸೇರಿದ. ಶಾಲು, ಬಟ್ಟೆಗಳ ಸಗಟು ವ್ಯಾಪಾರ. ಗಮನಿಸಿ: ಆಗ ಅವನಿಗೆ ಇನ್ನೂ 15 ತುಂಬುತ್ತಿತ್ತು. ಆ ನಾಲ್ಕು ವರ್ಷದ ಹಳ್ಳವನ್ನು ಅವನೂ ದುಡಿಯುತ್ತಲೇ ದಾಟಿದವನು.

1874ರಲ್ಲಿ ಅವನ ಬಾಳಿಗೆ ಎರಡು ವಿಷಯ ಒಟ್ಟಿಗೆ ಬಂದವು. ಅಮೆರಿಕದಿಂದ ಬಂದ ಮೂಡಿ, ಸಾಂಕಿ ಅನ್ನುವ ಇಬ್ಬರು ಉಪದೇಶಕರು ಗ್ಲಾಸ್ಗೋದಲ್ಲಿ ದೊಡ್ಡ ಸಭೆಗಳನ್ನು ನಡೆಸಿದರು. ಊರೇ ಅಲ್ಲಿ ನೆರೆದಿತ್ತು. ಆ ಗಾಳಿ ಸ್ಮಿತ್‌ಗೂ ತಾಗಿ, ಅವನು ಫ್ರೀ ಕಾಲೇಜ್ ಚರ್ಚಿನ ಸದಸ್ಯನಾದ. ಅದೇ ವರ್ಷ ಲಾನಾರ್ಕ್‌ಶೈರ್ ರೈಫಲ್ ವಾಲಂಟಿಯರ್ಸ್ ಸೇರಿದ. ಇದು ಬಿಡುವಿನ ವೇಳೆಯ ಸೈನ್ಯ. ನಮ್ಮ ಹೋಂಗಾರ್ಡ್ ಥರ ಅಂತ ಸುಲಭಕ್ಕೆ ಹೇಳಬಹುದು. ಮಾವನಿಗೆ ಬಂದೂಕು ಅಂದರೆ ಆಗದು. ಅಳಿಯ ಕೇಳಲಿಲ್ಲ. ಮುಂದೆ ಲೆಫ್ಟಿನೆಂಟ್ ಆದ. ಮಾವನ ಮಳಿಗೆ ಬಿಟ್ಟು ಸ್ವಂತ ವ್ಯಾಪಾರವನ್ನೂ ಶುರು ಮಾಡಿದ.

ಹೀಗಾಗಿ ಅವನ ವಾರಕ್ಕೆ ಎರಡು ಮುಖ. ವಾಲಂಟಿಯರ್ ಮೈದಾನದಲ್ಲಿ ಒಂದು ಮಾತಿಗೆ ನೂರು ಜನ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಭಾನುವಾರ ಮಿಷನ್ ಹಾಲ್‌ನಲ್ಲಿ ನೂರು ಮಾತಿಗೂ ಒಬ್ಬ ಹುಡುಗ ಕೂರುವುದಿಲ್ಲ. ಮನುಷ್ಯ ಅವನೇ, ದನಿಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಸ್ಮಿತ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಕವಾಯತು ಹಳೆಯದು, ಬೈಬಲ್ ಪಾಠ ಇನ್ನೂ ಹಳೆಯದು. ಅವನು ಒಂದು ಕೈಯಲ್ಲಿದ್ದದ್ದನ್ನು ಇನ್ನೊಂದು ಕೈಗೆ ದಾಟಿಸಿದ, ಅಷ್ಟೇ. ಆದರೆ ಅಲ್ಲಿಯವರೆಗೆ ಸಂಡೇ ಸ್ಕೂಲಿನವರು ಗಲಾಟೆ ಹುಡುಗರ ಬಗ್ಗೆ ಕೇಳುತ್ತಿದ್ದ ಪ್ರಶ್ನೆ 'ಇವರನ್ನು ಕೂರಿಸುವುದು ಹೇಗೆ' ಅಂತ. ಸ್ಮಿತ್ ಅವರನ್ನು ಎಬ್ಬಿಸಿ ನಿಲ್ಲಿಸಿದ.

ಅವನ ಜೊತೆ ನಿಂತವರು ಹಿಲ್ ಅಣ್ಣತಮ್ಮಂದಿರು, ಜೇಮ್ಸ್ ಮತ್ತು ಜಾನ್. ಇಬ್ಬರೂ ವಾಲಂಟಿಯರ್‌ಗಳು, ಇಬ್ಬರೂ ಅದೇ ಸಂಡೇ ಸ್ಕೂಲಿನ ಮೇಷ್ಟ್ರುಗಳು. ಚರ್ಚಿನ ಪಾದ್ರಿ ಜಾರ್ಜ್ ರೀತ್. (ಸುಮ್ನೆ ಒಂದು ಮಾತು: ಇವರ ಮಗ ಜಾನ್ ರೀತ್ ಮುಂದೆ ಬಿಬಿಸಿಯ ಮೊದಲ ಮುಖ್ಯಸ್ಥನಾದ.) ಯೋಜನೆ ಸರಳ. 12 ದಾಟಿದ ಹುಡುಗರಿಗೆ ಮಾತ್ರ ಪ್ರವೇಶ. ವಾರದಲ್ಲಿ ಒಂದು ಸಂಜೆ ಕವಾಯತು. ಭಾನುವಾರ ಬೈಬಲ್ ತರಗತಿ. ಜೊತೆಗೆ ಆಟ, ಅಂಗಸಾಧನೆ, ಓದಲು ಕೂರಲು ಒಂದು ಕೋಣೆ.

ಆ 12 ಅನ್ನುವ ಅಂಕಿಯನ್ನು ಸಣ್ಣದು ಅಂದುಕೊಳ್ಳಬೇಡಿ. ತಮ್ಮ, ತಂಗಿ, ಪಕ್ಕದ ಮನೆಯ ಪುಟಾಣಿ ಯಾರೂ ಇಲ್ಲಿಗೆ ಬರುವ ಹಾಗಿಲ್ಲ. ಚಿಕ್ಕವರಿಗೆ ಬಾಗಿಲು ಮುಚ್ಚಿದ್ದರಿಂದಲೇ ಆ ಬಾಗಿಲಿಗೆ ಬೆಲೆ ಬಂತು. 12 ವರ್ಷದ ಹುಡುಗನಿಗೆ ತನ್ನ 9 ವರ್ಷದ ತಮ್ಮ ಹೊರಗೆ ನಿಂತಿದ್ದಾನೆ ಅನ್ನುವುದಕ್ಕಿಂತ ದೊಡ್ಡ ಸುಖ ಏನಿದೆ?

ಆ ಮೊದಲ ಚಳಿಗಾಲದಲ್ಲಿ ಹೆಸರು ಬರೆಸಿದವರು 59 ಜನ. ಶಿಸ್ತು ಬಿಗಿಯಾಗಿತ್ತು. ಹೊತ್ತು ಮೀರಿ ಬಂದವನಿಗೆ ಸಾಲಿನಲ್ಲಿ ಜಾಗವಿಲ್ಲ. ಕೆಲಸದಿಂದ ಓಡೋಡಿ ಬಂದಿದ್ದರೂ ಅಷ್ಟೇ. ಸಾಲಿನಲ್ಲಿ ಮಾತಾಡುವ ಹಾಗಿಲ್ಲ. ತಮಾಷೆ ನೋಡಲು ಬಂದವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಉಳಿದವರು 35ರ ಆಸುಪಾಸು.

ಈ ಜಾಗದಲ್ಲಿ ಇನ್ಯಾರೇ ಆಗಿದ್ದರೂ ಗಾಬರಿಯಾಗಿ ನಿಯಮ ಸಡಿಲಿಸುತ್ತಿದ್ದರು. ಸಂಘ ಕಟ್ಟಿ ನೋಡಿದವರಿಗೆ ಗೊತ್ತು, ಹಾಜರಿ ಪುಸ್ತಕ ತೆಳ್ಳಗಾಗುವುದನ್ನು ನೋಡುವುದು ಎಷ್ಟು ಕಷ್ಟ ಅಂತ. ಸ್ಮಿತ್ ಹೋಗುವವರನ್ನು ಹೋಗಲು ಬಿಟ್ಟ. ಅವನ ಅತಿ ಜಾಣ ನಡೆ ಇದೇ ಅಂತ ನನಗನ್ನಿಸುತ್ತದೆ. ಉಳಿದ ಹುಡುಗನಿಗೆ ತಾನು ಉಳಿದವನು ಅನ್ನುವ ಹೆಮ್ಮೆ ಬಂತು. ಬೀದಿಯಲ್ಲಿ ಸಿಕ್ಕ ಗೆಳೆಯನಿಗೆ ಅವನು ಹೇಳಿಕೊಳ್ಳಬಹುದಾದ ಮಾತು ಅದು: ನಿನ್ನಿಂದ ಆಗಲಿಲ್ಲ, ನನ್ನಿಂದ ಆಯಿತು.

ಇನ್ನೊಂದು ಜಾಣತನ ದರ್ಜೆಗಳದ್ದು. ಹುಡುಗರಲ್ಲೇ ಕೆಲವರು ಕಾರ್ಪೊರಲ್, ಸಾರ್ಜೆಂಟ್ ಆದರು. ಹಗಲೆಲ್ಲ ಅಂಗಡಿಯಲ್ಲಿ ಎಲ್ಲರಿಂದ ಬೈಸಿಕೊಳ್ಳುವ ಹುಡುಗ, ವಾರಕ್ಕೊಂದು ಸಂಜೆ ಹತ್ತು ಜನರ ಮುಂದೆ ನಿಂತು ಆಜ್ಞೆ ಕೊಡುತ್ತಾನೆ. ಕೊಡಬೇಕಾದರೆ ಮೊದಲು ತಾನು ಪಾಲಿಸಬೇಕು. ದೊಡ್ಡವರು ಬಾಯಲ್ಲಿ ಹೇಳಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ ಪಾಠ ಇದು.

ಇನ್ನು ಆ ಟೋಪಿ. ಶುರುವಿನಲ್ಲಿ ಸಮವಸ್ತ್ರ ಇರಲಿಲ್ಲ. ಸ್ವಲ್ಪ ಕಾಲದ ಮೇಲೆ ಬಂತು. ಅದೂ ಪೂರ್ತಿ ಉಡುಪಲ್ಲ. ತಲೆಗೆ ಗುಂಡು ಡಬ್ಬಿಯಂಥ ಒಂದು ಕಪ್ಪು ಟೋಪಿ, ಅದರ ಸುತ್ತ ಬಿಳಿ ಪಟ್ಟಿ. ಸೊಂಟಕ್ಕೊಂದು ಬೆಲ್ಟು. ಹೆಗಲಿಂದ ಇಳಿಬಿಟ್ಟ ಬಿಳಿ ಬಟ್ಟೆಯ ಚೀಲ. ಮೂರನ್ನೂ ಮೈಮೇಲಿನ ಬಟ್ಟೆಯ ಮೇಲೇ ಹಾಕಿಕೊಳ್ಳುವುದು. ಕೋಟಿಗೆ ತೇಪೆ ಇದ್ದರೂ ಇರಲಿ, ಬೆಲ್ಟು ಬಿಗಿದು ಟೋಪಿ ಇಟ್ಟರೆ ಎಲ್ಲರೂ ಒಂದೇ. ಬಡವರ ಮನೆಯ ಲೆಕ್ಕ ಗೊತ್ತಿದ್ದವನು ಮಾಡಿದ ಏರ್ಪಾಡು. ಬಟ್ಟೆ ವ್ಯಾಪಾರಿ ಅಲ್ವಾ!

ಸ್ಮಿತ್‌ನ ಬೆಂಬಲಿಗರಲ್ಲಿ ಹೆನ್ರಿ ಡ್ರಮಂಡ್ ಅನ್ನುವ ಪ್ರೊಫೆಸರ್ ಒಬ್ಬರಿದ್ದರು. ಅವರು ಇದನ್ನು ನಗುತ್ತಲೇ ಬಿಡಿಸಿ ಹೇಳಿದರು. ಅವರ ಮಾತಿನ ತಿರುಳು ಇದು: ಈ ಹುಡುಗರನ್ನು ಹುಡುಗರು ಅಂತ ಕರೆದು, ಅವರು ಇರುವುದೂ ಹುಡುಗರೇ, ಸಂಡೇ ಕ್ಲಾಸಿನಲ್ಲಿ ನೆಟ್ಟಗೆ ಕೂರಿ ಅನ್ನಿ; ಯಾವ ಶಕ್ತಿಯಿಂದಲೂ ಸಾಧ್ಯವಿಲ್ಲ. ತಲೆಗೆ ಐದು ಪೆನ್ನಿಯ ಟೋಪಿ ಇಟ್ಟು ಸೈನಿಕರು ಅನ್ನಿ, ಅವರು ಖಂಡಿತ ಸೈನಿಕರಲ್ಲ, ಆಮೇಲೆ ಮಧ್ಯರಾತ್ರಿವರೆಗೂ ಹೇಳಿದ ಹಾಗೆ ಕೇಳುತ್ತಾರೆ.

ನಮ್ಮಲ್ಲಿ 'ಟೋಪಿ ಹಾಕೋದು' ಅಂದರೆ ಬೇರೆಯೇ ಅರ್ಥ. ಡ್ರಮಂಡ್ ಅವರಿಗೆ ಕನ್ನಡ ಬರುತ್ತಿದ್ದರೆ ಈ ಮಾತನ್ನು ಬಿಡುತ್ತಿರಲಿಲ್ಲ. ಹುಡುಗರಿಗೆ ಆಗಿದ್ದು ಅದೇನಾ? ಒಂದು ರೀತಿಯಲ್ಲಿ ಹೌದು. ಹುಡುಗ ಬಂದಿದ್ದು ಟೋಪಿಗೆ, ಬ್ಯಾಂಡಿಗೆ, ಕೈಗೆ ಕೊಡುವ ಮರದ ಬಂದೂಕಿಗೆ. ಸ್ಮಿತ್‌ಗೆ ಬೇಕಾಗಿದ್ದು ಬೈಬಲ್ ತರಗತಿ. ಬ್ರಿಗೇಡಿನ ಗುರಿಯನ್ನು ಅವನು ಬಚ್ಚಿಡಲೂ ಇಲ್ಲ: ಹುಡುಗರ ನಡುವೆ ಕ್ರಿಸ್ತನ ರಾಜ್ಯ ಬೆಳೆಯಬೇಕು, ಭಕ್ತಿ, ಶಿಸ್ತು, ಸ್ವಾಭಿಮಾನ ರೂಢಿಯಾಗಬೇಕು, ನಿಜವಾದ ಕ್ರೈಸ್ತ ಗಂಡಸುತನ ಬರಬೇಕು ಅಂತ ಬರೆದೇ ಇಟ್ಟಿದ್ದ. 'ವಿಧೇಯತೆ' ಅನ್ನುವ ಪದ ಆ ಪಟ್ಟಿಗೆ ಸೇರಿದ್ದು 1893ರಲ್ಲಿ. ಹತ್ತು ವರ್ಷ ಕವಾಯತು ಮಾಡಿಸಿದ ಮೇಲೆ! ಲಾಂಛನ ಲಂಗರು, ಬೈಬಲ್ಲಿನಿಂದ ತೆಗೆದ ಧ್ಯೇಯವಾಕ್ಯ, ಭದ್ರ ಮತ್ತು ಸ್ಥಿರ ಅಂತ.

ಟೋಪಿ ಹಾಕಿಸಿಕೊಂಡವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿದ್ದರೆ ಅದು ಮೋಸ ಆಗುವುದಿಲ್ಲ, ವ್ಯಾಪಾರ ಆಗುತ್ತದೆ. ಭಾನುವಾರದ ತರಗತಿ ಕೊಟ್ಟು ಗುರುವಾರದ ಸೈನ್ಯ ತೆಗೆದುಕೋ. ಹುಡುಗರು ದಡ್ಡರಲ್ಲ. ಲೆಕ್ಕ ಹಾಕಿಯೇ ಬಂದರು.

ಆದರೆ ಮರದ ಬಂದೂಕು ಎಲ್ಲರಿಗೂ ಹಿಡಿಸಲಿಲ್ಲ. ಚರ್ಚಿನೊಳಗೇ ಹಿರಿಯರು ಮೂಗು ಮುರಿದರು. ಏಸುವಿನ ಹೆಸರು ಹೇಳುತ್ತಾ ಹುಡುಗರ ಕೈಗೆ ಬಂದೂಕಿನ ಆಕಾರ ಕೊಡುವುದು ಯಾವ ನ್ಯಾಯ? ಶಾಂತಿವಾದಿಗಳ ಆಕ್ಷೇಪ ಇನ್ನೂ ಜೋರು. ಕವಾಯತು ದಾರಿ ಮಾತ್ರ, ಊರು ಬೇರೆ ಅನ್ನುವುದು ಸ್ಮಿತ್ ಕಡೆಯವರ ಉತ್ತರ.

ಆ ಉತ್ತರ ಪ್ರಾಮಾಣಿಕವಾಗಿತ್ತಾ ಅಂತ ಪರೀಕ್ಷೆ ಆಗಿದ್ದು ಬಹಳ ವರ್ಷಗಳ ನಂತರ. 1910ರ ಹೊತ್ತಿಗೆ ಬ್ರಿಟನ್ನಿನ ಯುದ್ಧ ಇಲಾಖೆ ದೇಶದ ಹುಡುಗರ ಪಡೆಗಳನ್ನೆಲ್ಲ ಒಂದೇ ಕೆಡೆಟ್ ವ್ಯವಸ್ಥೆಯೊಳಗೆ ತರಲು ನೋಡಿತು. ಹಣ, ಮಾನ್ಯತೆ ಎಲ್ಲ ಸಿಗುತ್ತಿತ್ತು. ಸ್ಮಿತ್ ಆಗ ಸರ್ ವಿಲಿಯಂ ಆಗಿದ್ದ, 1909ರಲ್ಲಿ ಏಳನೇ ಎಡ್ವರ್ಡ್ ದೊರೆಯಿಂದ ನೈಟ್ ಪದವಿ ಪಡೆದಿದ್ದ. ಸ್ವತಃ ವಾಲಂಟಿಯರ್ ಅಧಿಕಾರಿ. ಒಪ್ಪುತ್ತಾನೆ ಅಂದುಕೊಳ್ಳುವುದು ಸಹಜ. ಬ್ರಿಗೇಡ್ ಬೇಡ ಅಂದಿತು. ಸರ್ಕಾರದ ಕೆಡೆಟ್ ಆದರೆ ತಮ್ಮ ಧಾರ್ಮಿಕ ಗುರಿ ಹಿಂದೆ ಬೀಳುತ್ತದೆ ಅನ್ನುವುದು ಕಾರಣ. ಮೊದಲ ಮಹಾಯುದ್ಧದ ಒತ್ತಡದಲ್ಲಿ ಈ ಬಿಗಿ ಸ್ವಲ್ಪ ಸಡಿಲವಾಗಿ ಕೆಲವು ವರ್ಷ ಕೆಡೆಟ್ ಮಾನ್ಯತೆಗೆ ಒಪ್ಪಿದ್ದೂ ಉಂಟು. ಆಗ ಸ್ಮಿತ್ ಬದುಕಿರಲಿಲ್ಲ. 1920ರ ದಶಕದಲ್ಲಿ ಅದನ್ನೂ ಬಿಟ್ಟರು, ಮರದ ಬಂದೂಕನ್ನೂ ಕೆಳಗಿಟ್ಟರು.

ಮತ್ತೆ ಹಿಂದಕ್ಕೆ, 1886ರ ಜುಲೈಗೆ ಹೋಗೋಣ. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಗ್ಲಾಸ್ಗೋದಲ್ಲಿ ಆಗ ಜುಲೈ ತಿಂಗಳಲ್ಲಿ 'ಫೇರ್' ರಜೆ. ಕಾರ್ಖಾನೆ, ಅಂಗಡಿ, ಹಡಗಿನ ಅಂಗಳ ಎಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಕೈಯಲ್ಲಿ ಕಾಸಿದ್ದವರು ಸ್ಟೀಮರ್ ಹತ್ತಿ ಕ್ಲೈಡ್ ನದಿ ಇಳಿದು ಕಡಲದಂಡೆಗೆ ಹೋಗುತ್ತಿದ್ದರು. ಉಳಿದವರು ಖಾಲಿ ಬೀದಿಯಲ್ಲಿ ಸುಮ್ಮನೆ ಅಲೆಯುತ್ತಿದ್ದರು. ವರ್ಷಪೂರ್ತಿ ಕಟ್ಟಿದ ಕಂಪನಿ ಆ ಬಿಡುವಿನಲ್ಲಿ ಚದುರಿಹೋಗುತ್ತಿತ್ತು. ಸ್ಮಿತ್ ಅವರನ್ನು ಕರೆದುಕೊಂಡು ಹೊರಟ. ಕೈಲ್ಸ್ ಆಫ್ ಬ್ಯೂಟ್ ಅನ್ನುವ ಇಕ್ಕಟ್ಟಾದ ಕಡಲ ಕಾಲುವೆಯ ದಂಡೆಯಲ್ಲಿ ಟೈನಬ್ರೂಆಖ್ ಅಂತ ಒಂದು ಹಳ್ಳಿ. ಅಲ್ಲಿ ಒಂದು ವಾರ.

ಇವತ್ತು ನಮ್ಮ ಮಕ್ಕಳನ್ನು ಸಮ್ಮರ್ ಕ್ಯಾಂಪಿಗೆ ಕಳಿಸುವುದು ಮಾಮೂಲಿ. ಆಗ ಕೂಲಿ ಹುಡುಗರನ್ನು ಊರಾಚೆ ಕರೆದುಕೊಂಡು ಹೋಗಿ, ಒಟ್ಟಿಗೆ ಮಲಗಿಸಿ, ಅಡುಗೆ ಮಾಡಿ ಹಾಕಿ, ವಾಪಸ್ ಕರೆತರುವುದು ಅಂದರೆ ತೀರಾ ಅಪರೂಪದ ಕೆಲಸ. ಹೊಗೆಯ ಊರಿನ ಹುಡುಗ ಬೆಳಗ್ಗೆ ಎದ್ದು ಉಪ್ಪುನೀರಿಗೆ ಕಾಲಿಡುತ್ತಾನೆ. ಮೇಷ್ಟ್ರು ಪಕ್ಕದಲ್ಲೇ ಪ್ಯಾಂಟು ಮಡಚಿಕೊಂಡು ನಿಂತಿರುತ್ತಾರೆ. ವಾರಕ್ಕೆ ಎರಡು ಗಂಟೆ ನೋಡುವ ಮನುಷ್ಯನನ್ನು ಏಳು ದಿನ ಹಗಲು ರಾತ್ರಿ ನೋಡಿದರೆ ಆಗುವ ಸಲುಗೆಯೇ ಬೇರೆ. ಕವಾಯತು ಮಾಡಲಾಗದ್ದನ್ನು ಆ ಏಳು ದಿನ ಮಾಡುತ್ತದೆ ಅಂತ ನಾನು ನಂಬುತ್ತೇನೆ. ಯಾರಾದರೂ ಶಾಲೆಯ ಟ್ರಿಪ್ಪಿಗೆ ಹೋಗಿ ಬಂದ ಮೇಲೆ ಮೇಷ್ಟ್ರ ಮುಖ ಬೇರೆ ಥರ ಕಂಡಿದ್ದು ನೆನಪಿದ್ದರೆ ಇದು ಅರ್ಥವಾಗುತ್ತದೆ.

ಆಮೇಲೆ ಹರಡಿದ್ದು ಬೇಗ ಬೇಗ. 1880ರ ದಶಕ ಮುಗಿಯುವುದರೊಳಗೆ ಸ್ಮಿತ್ ವ್ಯಾಪಾರ ಬಿಟ್ಟು ಬ್ರಿಗೇಡಿನ ಪೂರ್ಣಾವಧಿ ಕಾರ್ಯದರ್ಶಿಯಾದ. ಅಮೆರಿಕದಲ್ಲೂ ಕಂಪನಿಗಳು ಎದ್ದವು. ನಕಲುಗಳೂ ಎದ್ದವು, ಪ್ರತಿ ಪಂಗಡಕ್ಕೂ ಒಂದೊಂದು: 1891ರಲ್ಲಿ ಆಂಗ್ಲಿಕನ್ನರ ಚರ್ಚ್ ಲ್ಯಾಡ್ಸ್ ಬ್ರಿಗೇಡ್, 1895ರಲ್ಲಿ ಯಹೂದಿ ಹುಡುಗರ ಬ್ರಿಗೇಡ್, ಮರುವರ್ಷ ಕ್ಯಾಥೊಲಿಕರದು. 1899ರಲ್ಲಿ ಬಂದ ಬಾಯ್ಸ್ ಲೈಫ್ ಬ್ರಿಗೇಡ್ ಮಾತ್ರ ಸ್ವಲ್ಪ ಬೇರೆ. ಬಂದೂಕು ಬೇಡ ಅಂದವರು ಕಟ್ಟಿದ್ದು ಅದು. ಅದೇ ಕವಾಯತು, ಅದೇ ಸಾಲು. ಆದರೆ ಕಲಿಸಿದ್ದು ಗಾಯಕ್ಕೆ ಪಟ್ಟಿ ಕಟ್ಟುವುದು, ಬೆಂಕಿ ಬಿದ್ದ ಮನೆಯಿಂದ, ನೀರಿನಿಂದ ಜನರನ್ನು ಎತ್ತಿ ತರುವುದು. 1926ರಲ್ಲಿ ಇದು ಬಾಯ್ಸ್ ಬ್ರಿಗೇಡ್ ಜೊತೆ ಒಂದಾಯಿತು. ಬಂದೂಕಿನ ಜಗಳ ಅಲ್ಲಿಗೆ ಮುಗಿಯಿತು.

ಎಲ್ಲ ಚೆಂದವೇ ಇತ್ತಾ? ಇರಲಿಲ್ಲ. ಟೋಪಿಗೆ ಐದು ಪೆನ್ನಿ ಕೂಡ ಇಲ್ಲದ ಹುಡುಗರು ಗ್ಲಾಸ್ಗೋದಲ್ಲಿ ಬೇಕಾದಷ್ಟಿದ್ದರು. ಬ್ರಿಗೇಡಿಗೆ ಬಂದವರು ಹೆಚ್ಚಾಗಿ ಕೆಲಸ ಇದ್ದ, ಮನೆ ಇದ್ದ, ಚರ್ಚಿನ ಗಾಳಿ ಒಂದಿಷ್ಟು ಸೋಕಿದ್ದ ಮನೆಗಳ ಮಕ್ಕಳು. ತೀರಾ ತಳದವರು ಸಾಲಿನ ಹೊರಗೇ ಉಳಿದರು. ಹುಡುಗಿಯರಿಗಂತೂ ಆ ಸಾಲಿನಲ್ಲಿ ಜಾಗವೇ ಇರಲಿಲ್ಲ. ಇನ್ನು ನಡತೆ ತಿದ್ದಿತಾ ಅನ್ನುವ ಪ್ರಶ್ನೆ. ಬ್ರಿಗೇಡಿನವರು ತಿದ್ದಿತು ಅಂದರು. ಆದರೆ ಶಿಸ್ತು ತಡೆಯಲಾಗದವರು ಮೊದಲ ಚಳಿಗಾಲದಲ್ಲೇ ಹೊರಟುಹೋಗಿದ್ದರು ಅನ್ನುವುದನ್ನು ಮರೆಯಬಾರದು. ಜರಡಿ ಹಿಡಿದು ಉಳಿದ ಕಾಳು ತೋರಿಸಿ, ನೋಡಿ ಹೊಲ ಎಷ್ಟು ಚೆನ್ನಾಗಿದೆ ಅಂದರೆ ಹೇಗೆ? ನಡತೆ ತಿದ್ದುವ ಯಾವ ಸಂಘದ ಲೆಕ್ಕ ಓದುವಾಗಲೂ ನನಗೆ ಈ ಜರಡಿ ನೆನಪಾಗುತ್ತದೆ.

ಬ್ರಿಗೇಡಿನ ಇನ್ನೊಂದು ಕೊರತೆಯನ್ನು ಹೊರಗಿನವರೊಬ್ಬರು ಬೆರಳಿಟ್ಟು ತೋರಿಸಿದರು. 1904ರ ಏಪ್ರಿಲ್ 30. ಬ್ರಿಗೇಡಿಗೆ 21 ತುಂಬುತ್ತಿದ್ದ ವರ್ಷದ ಕವಾಯತು, ಗ್ಲಾಸ್ಗೋದಲ್ಲೇ. ಸುಮಾರು 7,000 ಹುಡುಗರು. ಪರಿವೀಕ್ಷಣೆಗೆ ಬಂದವರು ಬೇಡನ್ ಪೊವೆಲ್. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಮುತ್ತಿಗೆಯನ್ನು 217 ದಿನ ತಡೆದುಕೊಂಡು ಇಂಗ್ಲೆಂಡಿನ ಮನೆಮಾತಾಗಿದ್ದ ಸೇನಾಧಿಕಾರಿ. ಆ ಮುತ್ತಿಗೆಯಲ್ಲಿ ಊರಿನ ಹುಡುಗರು ಸಂದೇಶ ಒಯ್ಯುವ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದ್ದವರು.

ಅಷ್ಟು ದೊಡ್ಡ ಸಾಲು ನೋಡಿ ಅವರು ಮೆಚ್ಚಿದರು. ಆಗ ಬ್ರಿಗೇಡಿನಲ್ಲಿ 50,000ಕ್ಕೂ ಜಾಸ್ತಿ ಹುಡುಗರಿದ್ದರು. ಜೊತೆಗೆ ಒಂದು ಮಾತು ಹೇಳಿದರು: ತರಬೇತಿಯಲ್ಲಿ ಇನ್ನಷ್ಟು ಬಗೆ, ಇನ್ನಷ್ಟು ಸೆಳೆತ ಇದ್ದರೆ ಇದರ ಹತ್ತು ಪಟ್ಟು ಹುಡುಗರು ಬರುತ್ತಾರೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಷ್ಟು ದಿನ ಅಂತ ಮಾಡೋದು ಅಂತ ಅರ್ಥ. ಇಲ್ಲಿ ಸ್ಮಿತ್ ಮುನಿಸಿಕೊಳ್ಳಲಿಲ್ಲ. ಹಾಗಾದರೆ ನೀವು ಸೈನಿಕರಿಗೆ ಬರೆದ ಬೇಹುಗಾರಿಕೆಯ ಪುಸ್ತಕವನ್ನೇ ಹುಡುಗರಿಗೆ ತಕ್ಕ ಹಾಗೆ ತಿದ್ದಿ ಬರೆದುಕೊಡಿ ಅಂದ. 21 ವರ್ಷ ಕಟ್ಟಿದ ಮನೆಗೆ ಹೊರಗಿನವರು ಬಂದು ಕಿಟಕಿ ಸಾಲದು ಅಂದಾಗ, ನೀವೇ ಕೊರೆದುಕೊಡಿ ಅನ್ನುವ ಯಜಮಾನರು ಕಡಿಮೆ.

ಬೇಡನ್ ಪೊವೆಲ್ ಮೊದಲು ಯೋಚಿಸಿದ್ದೂ ಅಷ್ಟೇ: ಬ್ರಿಗೇಡಿನಂಥ ಸಂಘಗಳಿಗೆ ಒಂದು ಹೊಸ ಬಗೆಯ ಚಟುವಟಿಕೆ ಕೊಡುವುದು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ತೆಂಕಣ ಕಡಲಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರನ್ನು ಸೇರಿಸಿ ಪ್ರಯೋಗ ಮಾಡಿದರು. ಅರ್ಧದಷ್ಟು ಜನ ಸಿರಿವಂತರ ಶಾಲೆಗಳ ಹುಡುಗರು. ಉಳಿದವರು ಪೂಲ್, ಬೋರ್ನ್‌ಮತ್ ಊರುಗಳ ಬಾಯ್ಸ್ ಬ್ರಿಗೇಡ್ ಕಂಪನಿಗಳ ಹುಡುಗರು. ಹೆಜ್ಜೆ ಗುರುತು ಹಿಡಿಯುವುದು, ಗಂಟು ಹಾಕುವುದು, ಸೌದೆ ಒಟ್ಟಿ ಬೆಂಕಿ ಮಾಡುವುದು, ರಾತ್ರಿ ಬೆಂಕಿಯ ಸುತ್ತ ಕೂತು ಕಥೆ. ನಾಲ್ಕು ಸಣ್ಣ ಗುಂಪು, ಪ್ರತಿ ಗುಂಪಿಗೂ ಹುಡುಗನೇ ನಾಯಕ. ಸ್ಮಿತ್‌ನ ಕಾರ್ಪೊರಲ್ ಇಲ್ಲಿ ಪೆಟ್ರೋಲ್ ಲೀಡರ್ ಆದ. ಮರುವರ್ಷ ಪುಸ್ತಕ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಬಂತು, ಕಂತಿಗೆ ನಾಲ್ಕು ಪೆನ್ನಿ. ಟೋಪಿಗಿಂತ ಒಂದು ಪೆನ್ನಿ ಅಗ್ಗ.

ಆಮೇಲೆ ಯಾರ ಕೈಯಲ್ಲೂ ಇರಲಿಲ್ಲ. ಹುಡುಗರು ಯಾವ ಸಂಘಕ್ಕೂ ಕಾಯದೆ, ಪುಸ್ತಕ ಓದಿ ತಾವೇ ಗುಂಪು ಕಟ್ಟಿಕೊಂಡರು. ಬ್ರಿಗೇಡಿನ ಕಿಟಕಿ ಆಗಬೇಕಿದ್ದದ್ದು ಪಕ್ಕದಲ್ಲಿ ಬೇರೆಯೇ ಮನೆಯಾಗಿ ಎದ್ದು ನಿಂತಿತು, ಅದೂ ದೊಡ್ಡ ಮನೆ. ಸ್ಕೌಟ್ಸ್ ಹೆಸರು ಹಳ್ಳಿ ಶಾಲೆಯ ಮಕ್ಕಳಿಗೂ ಗೊತ್ತು; ಬಾಯ್ಸ್ ಬ್ರಿಗೇಡ್ ಅಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸ್ಮಿತ್ ತೀರಿಕೊಂಡಿದ್ದು 1914ರ ಮೇ 10ರಂದು. ಬ್ರಿಗೇಡಿನ ಕೆಲಸಕ್ಕೆಂದೇ ಲಂಡನ್ನಿಗೆ ಹೋದವನು ಸಭೆಯಲ್ಲೇ ಕುಸಿದಿದ್ದ. ವಯಸ್ಸು 59. ಮೊದಲ ಕಂಪನಿಗೆ ಹೆಸರು ಬರೆಸಿದ ಹುಡುಗರ ಸಂಖ್ಯೆಯೂ ಅಷ್ಟೇ, ಕಾಕತಾಳೀಯ. ಮೂರು ತಿಂಗಳಿಗೆ ಯುದ್ಧ ಶುರುವಾಯಿತು. ಮರದ ಬಂದೂಕು ಹಿಡಿದು ಬೆಳೆದವರು ನಿಜವಾದದ್ದನ್ನು ಹಿಡಿದು ಫ್ರಾನ್ಸಿಗೆ ಹೋದರು. ಕವಾಯತು ದಾರಿ ಮಾತ್ರ, ಊರು ಬೇರೆ ಅಂದಿದ್ದ ಆ ಹಳೆಯ ಉತ್ತರವನ್ನು ಈಗ ಓದುವಾಗ ಗಂಟಲು ಕಟ್ಟುತ್ತದೆ.

ಈ ಕಥೆಯ ಒಂದು ಎಳೆ ನಮ್ಮ ಊರಿಗೂ ಬಂದಿದೆ. ಭಾರತದಲ್ಲಿ ಸ್ಕೌಟ್ಸ್ ಶುರುವಾಗಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಕ್ಯಾಪ್ಟನ್ ಟಿ. ಎಚ್. ಬೇಕರ್ ಅನ್ನುವವರು ದಂಡು ಪ್ರದೇಶದ ಸುತ್ತಮುತ್ತಲಿನ ಹುಡುಗರನ್ನು ಸೇರಿಸಿ ಕಟ್ಟಿದ ದಳ. ಆದರೆ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಹುಡುಗರನ್ನು ಸೇರಿಸಿಕೊಳ್ಳಲು ಸರ್ಕಾರಕ್ಕೆ ಧೈರ್ಯವಿರಲಿಲ್ಲ. ಕವಾಯತು ಕಲಿತು, ಗುಟ್ಟಾಗಿ ಸಂದೇಶ ಒಯ್ಯುವುದು ಕಲಿತು, ನಾಳೆ ಯಾರ ಮೇಲೆ ತಿರುಗಿ ಬೀಳುತ್ತಾರೋ ಅನ್ನುವ ಭಯ. ನಡತೆ ತಿದ್ದುವ ಸಂಘದ ಬಲದ ಬಗ್ಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರೂ ಕೊಟ್ಟಿಲ್ಲ ಅನ್ನಿಸುತ್ತದೆ.

1916ರ ಹೊತ್ತಿಗೆ ಮದರಾಸಿನಲ್ಲಿ ಆನಿ ಬೆಸೆಂಟ್, ಜೊತೆಗೆ ಜಾರ್ಜ್ ಅರುಂಡೇಲ್, ಭಾರತೀಯ ಹುಡುಗರದೇ ಸ್ಕೌಟ್ಸ್ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ಸ್ ನಿಲ್ಲಿಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದ ಮೇಲೆ ಬೆಸೆಂಟ್ ಅವರ ಸಂಘ ಮೂಲ ಸಂಘದ ಜೊತೆ ಸೇರಿತು. ಉಳಿದ ಎಳೆಗಳೆಲ್ಲ ಒಂದೊಂದಾಗಿ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ರಂದು.

ಮದರಾಸಿನ ಆ ಸಂಘದಲ್ಲಿ ಕವಾಯತು ಅದೇ, ಕ್ಯಾಂಪು ಅದೇ, ಗಂಟು ಹಾಕುವುದೂ ಅದೇ. ಹಾಡು ಮಾತ್ರ ನಮ್ಮವು. ಮತ್ತೆ ತಲೆಯ ಮೇಲೆ ಅಗಲ ಅಂಚಿನ ಟೋಪಿಯ ಜಾಗದಲ್ಲಿ ಹುಡುಗರು ಪೇಟ ಸುತ್ತಿಕೊಂಡು ಸಾಲಿನಲ್ಲಿ ನಿಂತರು.